ಸೇತುವೆಗೆ ಹೋದವನು

"ಮೊದ್ಲು ಅವನ ಬಾಯಿಗೆ ಬಟ್ಟೆ ತುರುಕ್ರಿ" ಎಂದ ಪಟೇಲ ನಂಜಪ್ಪ. "ಬಾಯಲ್ಲಿ ಮಂತ್ರ ಮಡಿಕ್ಕಂಡಿರ್ತಾನೆ."

ಸೇತುವೆ ಕೆಲಸಕ್ಕೆ ಮತ್ತೆ ಆಳು ಹುಡುಕಿಕೊಂಡು ಹಿರೋಡೆಯಿಂದ ನಾಲೆಯ ಏರಿ ಹಿಡಿದು ಬಂದಿದ್ದ ಮೇಸ್ತ್ರಿ ರಂಗಸ್ವಾಮಿ ಊರು ಹೊಗುವ ಮೊದಲೇ ಜನ ಅವನ ಮೇಲೆ ಬಿದ್ದಿದ್ದರು. ಅವನ ಹೆಗಲ ಮೇಲಿನ ವಲ್ಲಿಯನ್ನೇ ಬಾಯಿಗೆ ತುರುಕಿ, ಕೈಗಳನ್ನು ಹುಣಸೆಮರಕ್ಕೆ ಬಿಗಿದರು. ಸುದ್ದಿ ಕೇಳಿ ಕಬ್ಬಿನ ಗದ್ದೆಯಿಂದ ಓಡಿಬಂದ ಬೈರಮ್ಮನಿಗೆ ಅವನ ಮುಖಕ್ಕಿಂತ ಮೊದಲು ಅವನ ವಾಸನೆ ತಾಗಿತು. ಡಾಂಬರು, ಒಣಮೀನು, ಬೆವರು. ಅವಳು ಸೆರಗಿನಿಂದ ಮೂಗು ಮುಚ್ಚಿದಳು.

ಎರಡು ವರ್ಷದ ಹಿಂದೆ ಇದೇ ಮನುಷ್ಯ ಅವಳ ಮನೆಯ ಜಗಲಿಯ ಮೇಲೆ ಕೂತು, ಅವಳು ಕೊಟ್ಟ ಮಜ್ಜಿಗೆಯನ್ನು ಕುಡಿದಿದ್ದ. ಕುಡಿಯುತ್ತಲೇ ಅವಳ ಗಂಡ ಮಾದಯ್ಯನಿಗೆ ಪಡುವಲ ಕಡಲಿನ ಬಂದರಿನ ಕಥೆ ಹೇಳಿದ್ದ.

"ಹಡಗುಗಳು ಈಗ ಬಲು ದೊಡ್ಡವಾಗವೆ ಕಣ್ಲಾ. ನಿಮ್ಮೂರ ಗುಡಿನ ಎತ್ತಿ ಒಳಗಿಟ್ರೂ ಇನ್ನೂ ಜಾಗ ಮಿಕ್ತದೆ. ಅಲ್ಲಿರೋ ಹಳೇ ಸೇತ್ವೆ ತಗ್ಗು, ಅದ್ರಡೀಲಿ ನುಗ್ಗಾಕಾಯ್ತಿಲ್ಲ. ಸರಕೆಲ್ಲ ಆಚೆ ಕಡಲಲ್ಲೇ ನಿಂತ್ಕತದೆ. ಅದ್ಕೇ ಹಳೇದ್ನ ಕಿತ್ತು ಎತ್ತರಕ್ಕೆ ಹೊಸ್ದು ಕಟ್ತಾವ್ರೆ. ಕಂಬ ನಿಲ್ಸಾಕೆ ನೀರಿನ ತಳ ತೋಡ್ಬೇಕು. ನಿನ್ನಂಗೆ ಬಾವಿ ತೋಡಿ ಪಳಗಿದ ಆಳು ಬೇಕು ನಮ್ಗೆ."

ಮಾದಯ್ಯ ಕಡಲು ಕಂಡವನಲ್ಲ. ಅಂದಿನಿಂದ ಉಣ್ಣುವಾಗಲೂ ಅವನಿಗೆ ಹಡಗಿನದೇ ಮಾತು. ತಾತನ ಕಾಲದಿಂದ ಪಟೇಲನ ಮನೆಯಲ್ಲಿ ದುಡಿದ ವಂಶ ಅವನದು. ಊರು ಬಿಡುತ್ತೇನೆಂದವರಲ್ಲಿ ಅವನೇ ಮೊದಲಿಗ. ಅವನಿಂದ ಒಳ್ಳೆಯ ಸುದ್ದಿ ಬಂದರೆ ತಾವೂ ಹೊರಡೋಣವೆಂದು ಕೇರಿಯ ಗಂಡಸರೆಲ್ಲ ಕಾದಿದ್ದರು. ನಾಲೆಗೆ ಹೊಸದಾಗಿ ನೀರು ಬಂದು ಪಟೇಲನ ಬೆದ್ದಲೆಲ್ಲ ಕಬ್ಬಿನ ಗದ್ದೆಯಾಗುತ್ತಿದ್ದ, ಎಷ್ಟು ಆಳಿದ್ದರೂ ಸಾಲದ ಕಾಲ. ಆದರೂ ಪಟೇಲ ಅಡ್ಡ ಬರಲಿಲ್ಲ. ಆಳನ್ನು ಕೂಡ ಕರೆಯದೆ ತಾನೇ ಗಾಡಿ ಹೂಡಿ, ಮಾದಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೇಸ್ತ್ರಿ ಕಾದಿದ್ದ ಹಿರೋಡೆ ಸ್ಟೇಷನ್ನಿಗೆ ಹೊರಟ. ಇಂಥ ದೊಡ್ಡತನ ಎಲ್ಲುಂಟು ಎಂದು ಊರೆಲ್ಲ ಮಾತಾಡಿಕೊಂಡಿತು.

ಕೆಟ್ಟ ಸುದ್ದಿ ತಂದವನೂ ಪಟೇಲನೇ. ಒಂದು ಸಂಜೆ ಪೇಟ ಕೈಯಲ್ಲಿ ಹಿಡಿದು ಅವಳ ಬಾಗಿಲಿಗೆ ಬಂದ.

"ಕಂಬ ನಿಲ್ನಿಲ್ವಂತೆ ಬೈರಿ. ಕಡಲು ತಲೆ ಕೇಳ್ತಂತೆ. ಆ ಮೇಸ್ತ್ರಿ ಮುಂಡೇಮಗ ನಿನ್ ಗಂಡನ್ನೇ ಬಲಿ ಕೊಟ್ಬುಟ್ನಂತೆ. ನಾನೇ ಕೈಯಾರೆ ಕಳ್ಸಿದ್ನಲ್ಲ. ಈ ಕೈಗೆ ಉಳ ಬೀಳ."

ಕನ್ನಂಬಾಡಿ ಕಟ್ಟೆ ಕಟ್ಟುವಾಗಲೂ ಇಂಥ ಮಾತುಗಳನ್ನು ಕೇಳಿದ್ದ ಜನ ಮರುಮಾತಿಲ್ಲದೆ ನಂಬಿದರು. ಪಟೇಲ ಬಿಕ್ಕಿ ಬಿಕ್ಕಿ ಅಳುವಾಗ ಅವನ ಬಾಯಿಂದ ಎಲೆಯಡಿಕೆಯ ಕೆಂಪು ರಸ ಅವಳ ಪಾದದ ಮೇಲೆ ತೊಟ್ಟಿಕ್ಕಿತ್ತು. ಹೇಸಿಗೆಯಾಗಿ ಕಾಲು ಹಿಂದಕ್ಕೆಳೆದುಕೊಂಡ ಬೈರಮ್ಮ, ಅಂಥ ಮನುಷ್ಯನ ಬಗ್ಗೆ ಹಾಗೆನಿಸಿತಲ್ಲ ಎಂದು ಆಮೇಲೆ ತನ್ನನ್ನೇ ಬೈದುಕೊಂಡಿದ್ದಳು. ಹೆಣವಿಲ್ಲದ ಸಾವಿಗೆ ಪಶ್ಚಿಮವಾಹಿನಿಯಲ್ಲಿ ಎಳ್ಳುನೀರು ಬಿಡಿಸಿದವನು ಅವನು. ಅವಳಿಗೆ ಗದ್ದೆಯಲ್ಲಿ ಕೆಲಸ ಕೊಟ್ಟವನೂ ಅವನೇ. ಆಮೇಲೆ ಊರಿನಲ್ಲಿ ಒಬ್ಬನೂ ಬಂದರಿನ ಹೆಸರೆತ್ತಲಿಲ್ಲ.

ಈಗ ಪಟೇಲ ತನ್ನ ಕಾಲಿನ ಎಕ್ಕಡ ತೆಗೆದು ಅವಳ ಕೈಗೆ ಕೊಟ್ಟ.

"ಮೊದ್ಲೇಟು ನಿಂದು. ಇವತ್ತಿನ ಮ್ಯಾಲೆ ಇವ್ನು ಈ ಸೀಮೆ ಕಡೆ ತಲೆ ಆಕ್ಬಾರ್ದು."

ಅವಳು ಹೊಡೆದಳು. ಮೂಗಿನಿಂದ ರಕ್ತ ಇಳಿಯಿತು. ಮುಖಕ್ಕೆ ಉಗಿದಳು. ರಂಗಸ್ವಾಮಿ ಕಣ್ಣರಳಿಸಿ ಅವಳನ್ನೇ ನೋಡಿದ. ಅವಳ ಬಳೆಯಿಲ್ಲದ ಕೈ ನೋಡಿದ, ತಾಳಿಯಿಲ್ಲದ ಕೊರಳು ನೋಡಿದ. ಬಟ್ಟೆಯೊಳಗಿಂದಲೇ ಏನೋ ಗೊರಗುಟ್ಟುತ್ತ ತಲೆಯಾಡಿಸತೊಡಗಿದ. ಮಾಡಿದ್ದನ್ನು ಮಾಡಿ ಈಗ ಅರಿಯದವನ ಹಾಗೆ ನೋಡುತ್ತಾನಲ್ಲ ಎಂದು ಅವಳಿಗೆ ಇನ್ನಷ್ಟು ರೇಗಿತು. ಮತ್ತೆ ಹೊಡೆದಳು.

ಜನ ನಗುತ್ತಿದ್ದರು. ಯಾರೋ ಅವನ ತಲೆಗೆ ಸಗಣಿ ಮೆತ್ತಿದರು. ಇನ್ಯಾರೋ ಪಂಚೆಗೆ ಕೈ ಹಾಕಿದರು. ಅವನ ರಕ್ತದ ಹನಿಯೊಂದು ತನ್ನ ಮುಂಗೈಗೆ ಸಿಡಿದಿದ್ದನ್ನು ಬೈರಮ್ಮ ಕಂಡಳು. ಒಮ್ಮೆಲೇ ಅವಳಿಗೆ ಎಲ್ಲವೂ ಅಸಹ್ಯವಾಯಿತು: ಅವನು, ನಗುವ ಜನ, ಕೈಯಲ್ಲಿದ್ದ ಎಕ್ಕಡ, ತಾನೂ. ಎಕ್ಕಡವನ್ನು ಆಚೆಗೆ ಎಸೆದಳು.

"ಬಾಯಿ ಬಟ್ಟೆ ತೆಗೀರಿ."

"ಬ್ಯಾಡ ಬೈರಿ" ಎಂದ ಪಟೇಲ. "ಅವನ ಮಾತು ಕೇಳುದ್ರೆ ನಿಂಗೇ ಸಂಕ್ಟ."

"ನನ್ ಗಂಡ ಯಾವ ಕಂಬದಡಿ ಅವ್ನೆ ಅಂತಾದ್ರೂ ತಿಳೀಲಿ, ಬುದ್ಧಿ. ಎಲ್ಲಿಗೆ ಕೈಮುಗೀಬೇಕು ಅಂತಾನೂ ಗೊತ್ತಿಲ್ಲ ನಂಗೆ."

ಈ ಮಾತಿಗೆ ಜನರ ನಗು ನಿಂತಿತು. "ಕೇಳ್ಲಿ ಬುಡಿ, ಪಾಪ" ಎಂದಿತು ಹಿಂದಿನಿಂದ ಒಂದು ದನಿ. ಪಟೇಲ ಅವಳ ರಟ್ಟೆ ಹಿಡಿಯಲು ಮುಂದೆ ಬಂದ. ಅಷ್ಟರಲ್ಲಿ ಬೈರಮ್ಮ ವಲ್ಲಿಯ ತುದಿ ಹಿಡಿದು ಜಗ್ಗಿದ್ದಳು.

ರಂಗಸ್ವಾಮಿ ಕೆಮ್ಮಿದ. ರಕ್ತ ಉಗಿದು ಉಸಿರೆಳೆದುಕೊಂಡ.

"ಎಲ್ಲಿ ಊತಾಕಿದ್ರಿ ನನ್ ಮಾದಯ್ಯನ್ನ?" ಎಂದಳು ಅವಳು. "ಯೋಳು."

"ಮಾದಯ್ಯ ನನ್ ಜೊತೆ ಬರ್ನೇ ಇಲ್ವಲ್ಲ ತಾಯಿ. ಆವತ್ತು ಟೇಸನ್ನಿಗೆ ಬಂದಿದ್ದು ಪಟೇಲ್ರೊಬ್ರೇ. ಎಂಡ್ತಿ ಕಳುಸ್ನಿಲ್ಲ, ಅವ್ನು ಬರಾಕಿಲ್ಲ ಅಂದ್ರು."