ಮಿಡಿಗೇಶಿ ಬೆಟ್ಟದ ತಲೆ

ಮಿಡಿಗೇಶಿ ಬೆಟ್ಟದ ತಲೆ ಕತ್ತರಿಸಲೇಬೇಕೆಂದು ಐದನೆಯ ಫಾರಂನ ಹುಡುಗರೆಲ್ಲ ಒಂದಾಗಿ ನಿಂತರು. ಅಂಜನಪ್ಪ ಒಬ್ಬನೇ ಬೆಟ್ಟಕ್ಕೆ ಎರಡೂ ಕೈ ಅಡ್ಡ ಹಿಡಿದು ಕೂತ. ಬೆಟ್ಟವೇನೋ ಮಣ್ಣಿನದು. ಮಧುಗಿರಿಯ ಹೈಸ್ಕೂಲಿನ ಅಂಗಳಕ್ಕೆ ಭೂಗೋಳದ ರೇಣುಕಯ್ಯ ಮೇಷ್ಟ್ರು ಗಾಡಿಗಟ್ಟಲೆ ಜೇಡಿಮಣ್ಣು ಹಾಕಿಸಿ, ಇಡೀ ತಾಲ್ಲೂಕನ್ನು ನೆಲದ ಮೇಲೆ ಮಾಡಿ ತೋರಿಸಿ ಎಂದಿದ್ದರು. ಮಹಾರಾಜರ ವರ್ಧಂತಿಯ ದಿನ ಊರೂರಿನವರು ಬಂದು ಅದನ್ನು ನೋಡುವವರಿದ್ದರು. ಅವರವರ ಊರಿನ ಭಾಗ ಅವರವರ ಪಾಲಿಗೆ. ಇನ್ನು ಕೇಳಬೇಕೆ, ಒಬ್ಬೊಬ್ಬನ ಊರ ಕೆರೆಯೂ ಸಮುದ್ರವಾಯಿತು. ಮೇಷ್ಟ್ರು ನಗುತ್ತಲೇ ಅವನ್ನೆಲ್ಲ ಕುಗ್ಗಿಸಿದರು. ಆದರೆ ಅಂಜನಪ್ಪನ ಬೆಟ್ಟ ಮಧುಗಿರಿ ಬೆಟ್ಟಕ್ಕಿಂತ ಎರಡು ಬೆರಳು ಮೇಲೆದ್ದಾಗ ಪೇಟೆಯ ಹುಡುಗರು ಸುಮ್ಮನಿದ್ದಾರೆಯೇ?

“ಲೇ ಅಂಜನಪ್ಪ, ನಿಮ್ಮ ಬೆಟ್ಟ ಹತ್ತಿದ್ರೆ ಕಾಶಿ ಕಾಣ್ತದೇನೋ” ಎಂದ ಅಂಗಡಿಯವರ ಮಗ ಬಸವಲಿಂಗಯ್ಯ. “ಅಲ್ಲಿಂದ್ಲೇ ಕೈ ಮುಗಿದ್ಬುಟ್ರೆ ನಮ್ಮಜ್ಜಿಗೆ ರೈಲಿನ ಖರ್ಚು ಉಳೀತದೆ.”

ಅಂಜನಪ್ಪ ಸುಳ್ಳು ಕಟ್ಟಿರಲಿಲ್ಲ. ತಮ್ಮ ಬೆಟ್ಟವನ್ನು ಮೀರಿಸಿದ ಬೆಟ್ಟ ಸುತ್ತ ಸೀಮೆಯಲ್ಲೇ ಇಲ್ಲವೆಂದು ಮಿಡಿಗೇಶಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅವನ ಅಪ್ಪ ಕಾಟಪ್ಪನ ಹಿರಿಯರು ಆ ಬೆಟ್ಟದ ಕೋಟೆ ಕಾದವರು. ಕೋಟೆ ಬಿತ್ತು, ಕಾವಲು ಹೋಯಿತು, ಮನೆಯಲ್ಲಿ ಉಳಿದದ್ದು ಬೆಟ್ಟದ ಎತ್ತರ ಒಂದೇ. ಅದನ್ನೂ ಬಿಟ್ಟುಕೊಡು ಎಂದರೆ ಹೇಗೆ?

ಮೇಷ್ಟ್ರು ನ್ಯಾಯ ಹೇಳಲಿಲ್ಲ. ಅರ್ಧಚಂದ್ರದಂಥ ಒಂದು ಮರದ ಹಲಗೆ ತಂದುಕೊಟ್ಟರು. ಅದರ ಅಂಚಿನಲ್ಲಿ ಕೋನದ ಗೀಟುಗಳು, ನಡುವೆ ಒಂದು ದಾರ, ದಾರದ ತುದಿಗೆ ಸೀಸದ ಗುಂಡು. ಬೆಟ್ಟದ ತುದಿಗೆ ಹಲಗೆಯ ಗುರಿ ಹಿಡಿದು, ದಾರ ಯಾವ ಗೀಟಿನ ಮೇಲೆ ನಿಲ್ಲುವುದೋ ನೋಡಿ, ಹಗ್ಗದಲ್ಲಿ ದೂರ ಅಳೆದು ಲೆಕ್ಕ ಹಾಕಿದರೆ ಎತ್ತರ ತಿಳಿಯುತ್ತದೆ. “ಎರಡೂ ಬೆಟ್ಟ ನೀನೇ ಅಳೆದು ಬಾಪ್ಪ. ಕೊಯ್ಯೋದಾದರೂ ಬೆಳೆಸೋದಾದರೂ ನಿನ್ನ ಕೈಯಲ್ಲೇ ಆಗಲಿ” ಎಂದರು.

ಶನಿವಾರ ಮಧುಗಿರಿ ಬೆಟ್ಟವಾಯಿತು. ಭಾನುವಾರ ಅಂಜನಪ್ಪ, ಇದ್ದಿಲು ಉರಿಸಿ ಕೆಮ್ಮುತ್ತ ಓಡುವ ಬಸ್ಸು ಹತ್ತಿ ಊರಿಗೆ ಬಂದ. ಹಗ್ಗದ ಇನ್ನೊಂದು ತುದಿಯನ್ನು ಕಾಟಪ್ಪನೇ ಹಿಡಿದ. ಹಿಂದೆ ಅರ್ಧ ಊರು. ಜಗಲಿಯ ಮೇಲೆ ಕೂತು ಲೆಕ್ಕ ಮುಗಿಸಿದ ಮಗನ ಮುಖ ನೋಡಿದ ಕೂಡಲೇ ಕಾಟಪ್ಪನಿಗೆ ಏನೋ ವಾಸನೆ ಬಡಿಯಿತು.

“ಆ ಹಲಗೆ ಯಾವೂರ್ದ್ಲಾ?”

“ಮಧುಗಿರಿದು ಕಣಪ್ಪಯ್ಯ. ಮೇಷ್ಟ್ರು ಮಾಡ್ಸಿದ್ದು.”

“ಅಂಗನ್ನು ಮತ್ತೆ. ಮಧುಗಿರಿ ಹಲಗೆ ಮಧುಗಿರಿ ಪರ ಮಾತಾಡ್ದೆ ನಮ್ ಪರ ಮಾತಾಡ್ತದಾ?”

ಊರಿಗೆ ಊರೇ ಹೌದು ಹೌದು ಎಂದಿತು. ಬಡಗಿ ಕೆಂಪಯ್ಯನನ್ನು ಊಟದಿಂದ ಎಬ್ಬಿಸಿ ಕರೆತಂದರು. ಊರ ಬೇವಿನ ಮರದ್ದೇ ಹಲಗೆ, ಊರ ಅಕ್ಕಸಾಲಿಯೇ ಎರೆದುಕೊಟ್ಟ ಗುಂಡು. ಬಿಸಿಲು ಇಳಿಯುವ ಹೊತ್ತಿಗೆ ಅಂಜನಪ್ಪ ಮತ್ತೆ ಗುರಿ ಹಿಡಿದ. ದಾರವನ್ನು ಬೆರಳ ತುದಿಯಿಂದ ಒಂದಿಷ್ಟು ಆಚೆ ತಳ್ಳಿದರೆ ಸಾಕು, ಮಿಡಿಗೇಶಿ ಗೆಲ್ಲುತ್ತದೆ. ಗೀಟು ಓದಲು ಬರುವವನು ಅಲ್ಲಿ ಅವನೊಬ್ಬನೇ. ಬೆರಳು ದಾರದ ಹತ್ತಿರದವರೆಗೂ ಹೋಯಿತು, ಅಲ್ಲೇ ನಿಂತಿತು. ಊರ ಹಲಗೆಯೂ ಮಧುಗಿರಿಯ ಪರವೇ ಮಾತಾಡಿತು. ಕಾಟಪ್ಪ ಹಗ್ಗ ಸುತ್ತಿ ಮಗನ ಕೈಗೆ ಕೊಟ್ಟು ಮನೆಯೊಳಕ್ಕೆ ಹೋದ.

ಮಾರನೆಯ ದಿನ ಅಂಜನಪ್ಪ ತನ್ನ ಬೆಟ್ಟವನ್ನು ತಾನೇ ಕೊಯ್ದ. ಲೆಕ್ಕ ಹೇಳಿದಷ್ಟನ್ನೂ ಕೊಯ್ದ. ಹಾಸ್ಯ ಮಾಡಲು ಕಾದಿದ್ದ ಬಸವಲಿಂಗಯ್ಯ ಹತ್ತಿರ ಬಂದು ಕೂತ. ಅಷ್ಟೊಂದು ಬೇಡವೋ, ಸ್ವಲ್ಪ ಉಳಿಸಿಕೊ ಎಂದು ಅವನೇ ಗೋಗರೆದ.

ವರ್ಧಂತಿಯ ದಿನ ಕಾಟಪ್ಪ ರುಮಾಲು ಸುತ್ತಿಕೊಂಡು, ಊರ ಹಿರಿಯರನ್ನೂ ಕರೆದುಕೊಂಡು ಬಂದ. ಮಣ್ಣಿನ ತಾಲ್ಲೂಕಿನ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಬಗ್ಗಿ, ಅಂಚಿನಲ್ಲಿ ಮಿಕ್ಕಿದ್ದ ಜೇಡಿಮಣ್ಣಿನಿಂದ ಒಂದು ಹಿಡಿ ಎತ್ತಿ, ಮಿಡಿಗೇಶಿ ಬೆಟ್ಟದ ನೆತ್ತಿಗೆ ಇಟ್ಟು, ಕೂಸಿನ ತಲೆಗೆ ಹರಳೆಣ್ಣೆ ಒತ್ತುವಂತೆ ಮೆತ್ತಗೆ ಒತ್ತಿದ. ಹಿರಿಯರು ಸಮಾಧಾನದಿಂದ ತಲೆದೂಗಿದರು. ರೇಣುಕಯ್ಯ ಮೇಷ್ಟ್ರು ಕನ್ನಡಕ ತೆಗೆದು ಅಂಗವಸ್ತ್ರದಲ್ಲಿ ಒರೆಸತೊಡಗಿದರು. ಅವರಿಗೆ ಈಗ ಏನೂ ಕಾಣುವಂತಿರಲಿಲ್ಲ. ಉಳಿದವರ ಕಣ್ಣೆಲ್ಲ ಅಂಜನಪ್ಪನ ಮೇಲೆ.

ಅವನು ಮುಂದೆ ಬಂದ. ಮಣ್ಣು ಕೊಯ್ಯುವ ದಾರ ಕೈಗೆ ತೆಗೆದುಕೊಂಡ.

“ಅಪ್ಪಯ್ಯ, ಒಸಿ ಸರ್ಕಾ.”

ಕಾಟಪ್ಪ ಸರಿದ. ದಾರ ಹಾಯಿತು, ಬೆಟ್ಟದ ತಲೆ ಅಂಜನಪ್ಪನ ಅಂಗೈಗೆ ಬಂತು. ಅಷ್ಟು ಜನರ ಮುಂದೆ ಅದನ್ನು ಎಲ್ಲಿ ಇಡುವುದು, ಎಲ್ಲಿ ಬಿಸಾಡುವುದು? ಹಿಡಿದುಕೊಂಡೇ ನಿಂತ. ಕಾಟಪ್ಪ ಕೈ ಚಾಚಿದ. ಮಣ್ಣಿನ ಮುದ್ದೆ ಇಸಿದುಕೊಂಡು ಹೆಗಲ ವಲ್ಲಿಯ ಸೆರಗಿನಲ್ಲಿ ಜೋಪಾನವಾಗಿ ಗಂಟು ಹಾಕಿದ.

“ಇದ್ನ ಒಯ್ದು ಬೆಟ್ಟದ ತುದೀಗೆ ಮೆತ್ತಿಬುಡ್ತೀನಿ. ಬರೋ ಭಾನುವಾರ ಬಂದು ಇನ್ನೊಂದು ದಪ ಅಳೀವಂತೆ” ಎಂದ. ಎರಡು ಹೆಜ್ಜೆ ಹೋದವನು ತಿರುಗಿ ನಿಂತು, “ಕೆಂಪಯ್ಯನ ಹಲಗೆ ಬ್ಯಾಡ ಕಣ್ಲಾ. ನಿಮ್ ಮೇಷ್ಟ್ರದೇ ತಗಂಡ್ ಬಾ” ಎಂದ.