ಮನೆಯವರು

ಭಾನುವಾರದ ಆರಾಧನೆ ಮುಗಿದ ಮೇಲೆ ಹುಬ್ಬಳ್ಳಿಯ ಒಂದು ಸಣ್ಣ ಚರ್ಚಿನಲ್ಲಿ, ಸತ್ತವರೊಡನೆ ಮಾತಾಡಿಸುವ ಪರಲೋಕದ ಫೋನಿಗೆ ಎಂದಿನಂತೆ ಸಾಲು ನಿಂತಿತ್ತು. ರೂತಮ್ಮನ ಸರದಿ ಬಂತು. ಡಾಕ್ಟರು ಕೈಬಿಟ್ಟವರೆಲ್ಲ ಮಾಡುವಂತೆ, ತನ್ನನ್ನು ಆಚೆಯ ಬಾಗಿಲಲ್ಲಿ ಎದುರುಗೊಳ್ಳಲು ಯಾರು ಬರಬೇಕೆಂದು ಅವಳೂ ಹೇಳಿಡಬೇಕಿತ್ತು.

"ಯಾರನ್ನ ಕರೀಲಿ, ಅಮ್ಮಾರ?" ಎಂದ ಸಭೆಯ ಗುಮಾಸ್ತ ಎಜ್ರಾ.

"ನಮ್ಮ ಮನಿಯವ್ರನ್ನ."

"ಹೆಸರು ಹೇಳ್ರಿ."

"ಗಂಡನ ಹೆಸರು ಯಾವತ್ತೂ ತಗೊಂಡಾಕಿ ಅಲ್ಲಪಾ ನಾ."

ಅದು ಅರ್ಧ ಕಾರಣ ಮಾತ್ರ. ರೂತಮ್ಮನಿಗೆ ಗಂಡಂದಿರು ಇಬ್ಬರು. ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಒಬ್ಬನನ್ನು ಮಣ್ಣು ಮಾಡಿದ್ದಳು, ಅರವತ್ತರಲ್ಲಿ ಇನ್ನೊಬ್ಬನನ್ನು. ಒಬ್ಬನನ್ನು ಕರೆದರೆ ಇನ್ನೊಬ್ಬ ನೊಂದಾನೆಂದು ತಿಂಗಳಿಂದ ನಿದ್ದೆಗೆಟ್ಟಿದ್ದಳು.

ಎಜ್ರಾ 'ಮನಿಯವ್ರು' ಎಂಬ ಅವಳ ಮಾತನ್ನೇ ಫೋನಿನಲ್ಲಿ ಹೇಳಿ ರಿಸೀವರನ್ನು ಅವಳ ಕೈಗಿತ್ತ.

"ಹಲೋ" ಎಂದು ಎರಡು ದನಿಗಳು ಒಟ್ಟಿಗೇ ಬಂದವು.

ರೂತಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡಳು. "ಇಬ್ರೂ ಯಾಕ ಬಂದ್ರಿ?"

"ಇಲ್ಲಿ ಗಂಡ ಹೆಂಡ್ತಿ ಅನ್ನೂದಿಲ್ಲ ರೂತಿ," ಮೊದಲನೆಯವನು ನಕ್ಕ. "ತಂದಿ ದೇವ್ರದು ಒಂದ ಮನಿ, ಎಲ್ಲಾರೂ ಮನಿಯವ್ರ. ನೀ ಕರದಕೂಡ್ಲೆ ಊರಿಗೂರ ಎದ್ದು ಹೊಂಟಿತ್ತು. ನಾವ ತಡದೇವಿ."

"ಮತ್ತ ಬಾಗಲಕ್ಕ ಯಾರು ಬರ್ತೀರಿ?"

"ಇಬ್ರೂ ಬರ್ತೀವಿ," ಎಂದ ಎರಡನೆಯವನು. "ಇವ್ರು ಇಪ್ಪತ್ತರ ಹುಡುಗೀನ್ನ ಹುಡುಕ್ತಾರ. ನಿನ್ನ ಗುರ್ತು ನಾ ತೋರಸ್ತೀನಿ."

ರೂತಮ್ಮ ಕಣ್ಣೊರೆಸಿಕೊಂಡು ಫೋನಿಟ್ಟಳು.

"ರಿಜಿಸ್ಟರದಾಗ ಹೆಸರಿನ ಜಾಗಾಕ್ಕ ಏನ್ ಬರೀಲಿ?" ಎಜ್ರಾ ಕೇಳಿದ.

"ಮನಿಯವ್ರು ಅಂತನ ಬರಿಯಪಾ."