ಸಾಕ್ಷಿಗಳು ಬೇಕಾಗಿದ್ದಾರೆ

“ಕಳ್ಳತನ! ಹಾಡಹಗಲು ಕಳ್ಳತನ!” ಎಂದು ಅಪ್ಪ ಮೊಬೈಲನ್ನು ಬೆಂಚಿನ ಮೇಲೆ ಕುಕ್ಕಿದ. ಎದುರಿಗೆ ಕೂತು ಬೂಟಿನ ಅಟ್ಟೆ ಹೊಲಿಯುತ್ತಿದ್ದ ಮಗಳ ಸೂಜಿ ಅಲ್ಲಿಗೇ ನಿಂತಿತು.

“ಏನಾಯ್ತಪ್ಪಾ?” ಎಂದು ಕಿವಿಯಿಂದ ಇಯರ್‌ಫೋನ್ ತೆಗೆದಳು.

“ಯಾವನೋ ಜಾಹೀರಾತು ಹಾಕಿದ್ದಾನೆ, ಕೇಳು. ‘ಹೊಸ ಬೂಟನ್ನು ಬೆಳಿಗ್ಗೆ ಕೊಳ್ಳಬೇಡಿ. ಸಂಜೆಗೆ ಕಾಲು ಊದಿರುತ್ತದೆ, ಆಗ ಹಾಕಿ ನೋಡಿ. ಇಂಥ ಹನ್ನೊಂದು ಮಾತು ಬೇಕೇ? ನಿಮ್ಮ ಇಮೇಲ್ ಕೊಡಿ, ಪುಕ್ಕಟೆ ಕಳಿಸುತ್ತೇವೆ.’ ಈ ಮಾತು ಯಾರದು? ನನ್ನದು! ಮೂವತ್ತೆಂಟು ವರ್ಷದಿಂದ ಈ ಅಂಗಡೀಲಿ ಕೂತು ಬಾಯಿ ನೋಯೋ ಹಾಗೆ ಹೇಳ್ತಿದ್ದೀನಿ!”

“ಯಾರೋ ನಿನ್ನ ಹತ್ರ ಕಲ್ತವರೇ ಇರ್ಬೇಕು,” ಎಂದಳು ಮಗಳು, ತಲೆ ಎತ್ತದೆ.

“ನನ್ನ ಹತ್ರ ಕಲ್ತವರು ಯಾರಿದ್ದಾರೆ? ನನ್ನ ಮಾತು ಕೇಳೋ ವ್ಯವಧಾನ ಯಾರಿಗಿದೆ?”

ಕದ್ದವಳು ಅವಳೇ. ಹೇಳುವ ಧೈರ್ಯವಿರಲಿಲ್ಲ, ಅಷ್ಟೆ. ಗಿರಾಕಿಗಳು ಕಡಿಮೆಯಾದರೆಂದು ಅಪ್ಪ ತಿಂಗಳ ಕೊನೆಗೆ ಅಂಗಡಿ ಮುಚ್ಚುವುದಾಗಿ ತೀರ್ಮಾನಿಸಿ, ಹೊಲಿಗೆ ಮೆಷಿನ್ನನ್ನು ಮಾರಲು ಯಾರಿಗೋ ಮಾತೂ ಕೊಟ್ಟುಬಿಟ್ಟಿದ್ದ. ಜನರ ಇಮೇಲ್ ವಿಳಾಸ ಕೂಡಿಸೋಣ, ವಾರಕ್ಕೊಂದು ಪತ್ರ ಬರೆಯೋಣ, ಓದಿದವರು ಬೂಟು ಹಿಡಿದು ಬಂದೇ ಬರುತ್ತಾರೆ ಎಂದು ಅವಳು ಒಮ್ಮೆ ಬಾಯಿ ಬಿಟ್ಟಿದ್ದಳು. “ನನ್ನ ಕೆಲಸಕ್ಕೆ ಡಂಗುರ ಬೇರೆ ಕೇಡು. ಸುಮ್ನೆ ಹೊಲಿ” ಎಂದು ಅಪ್ಪ ಅಲ್ಲೇ ಕತ್ತರಿಸಿದ್ದ. ಹಟಕ್ಕೆ ಬಿದ್ದವಳು ಗುಟ್ಟಾಗಿ, ಅಂಗಡಿಯ ಹೆಸರೂ ಹಾಕದೆ, ಒಂದು ವಾರದ ಜಾಹೀರಾತಿಗೆ ದುಡ್ಡು ಕಟ್ಟಿದಳು. ಇವತ್ತೇ ಕೊನೆಯ ದಿನ. ಬಂದ ವಿಳಾಸ ಹದಿನಾಲ್ಕು. ಅದರಲ್ಲಿ ಎರಡು ಅವಳದೇ, ಒಂದು ಗೆಳತಿಯದು.

ಅಪ್ಪ ಕನ್ನಡಕ ಏರಿಸಿ, ಜಾಹೀರಾತಿನ ಕೆಳಗೆ ಒಂದೇ ಬೆರಳಲ್ಲಿ ಟೈಪ್ ಮಾಡತೊಡಗಿದ. “ಈ ಮಾತು ನನ್ನದು. ನಂಬದವರು ಬಂದು ಕೇಳಿ” ಎಂದು ಬರೆದು, ಅಂಗಡಿಯ ವಿಳಾಸ, ಬಾಗಿಲು ತೆರೆಯುವ ಹೊತ್ತು, ಊಟಕ್ಕೆ ಮುಚ್ಚುವ ಹೊತ್ತು ಎಲ್ಲ ಹಾಕಿದ. ಕೋಪ ಬಂದರೂ ಅಪ್ಪ ಅಚ್ಚುಕಟ್ಟು.

ಅಷ್ಟಕ್ಕೇ ಬಿಟ್ಟನೇ? ಪಕ್ಕದ ಔಷಧಿ ಅಂಗಡಿಯವರನ್ನು ಕೂಗಿ ಕರೆದ. “ನೋಡಿ ಸಾರ್, ನೀವು ಸಾಕ್ಷಿ. ನಿಮ್ಮ ಇಮೇಲ್ ಕೊಟ್ಟು ಆ ಹನ್ನೊಂದು ಮಾತು ತರಿಸ್ಕೊಳ್ಳಿ. ಒಂದೊಂದೂ ನಾನು ನಿಮಗೆ ಹೇಳಿದ್ದೋ ಅಲ್ವೋ, ನೀವೇ ನೋಡಿ.”

“ನನಗೆ ನೀವು ಬಯ್ದಿದ್ದೇ ಜಾಸ್ತಿ ನೆನಪು,” ಎಂದು ಗೊಣಗಿದರೂ ಅವರು ವಿಳಾಸ ಕೊಟ್ಟರು.

ಆಮೇಲೆ ಅಪ್ಪ ಹಳೇ ಗಿರಾಕಿಗಳ ನಂಬರು ಹುಡುಕಿ ಹುಡುಕಿ ಫೋನು ಮಾಡಿದ. ಸಾಕ್ಷಿ ಹೇಳಲು ಎಲ್ಲರೂ ತಯಾರು. ಜಾಹೀರಾತಿನ ಕೆಳಗೆ ಜಗಳ ಹೊತ್ತಿಕೊಂಡಿತು. “ಹೌದು, ಈ ಯಜಮಾನರು ನನ್ನ ಮದುವೆ ಬೂಟನ್ನೂ ಬಿಡದೆ ಬಯ್ದಿದ್ದರು” ಎಂದು ಒಬ್ಬರು. “ಅಂಗಡಿ ಇನ್ನೂ ಇದೆಯಾ? ಮುಚ್ಚಿತು ಅಂದ್ಕೊಂಡಿದ್ದೆ, ನಾಳೆ ಬರ್ತೀನಿ” ಎಂದು ಇನ್ನೊಬ್ಬರು. ಜಗಳ ನೋಡಲು ನಿಂತವರಿಗೆ ಹನ್ನೊಂದು ಮಾತಿನ ಆಸೆ ಹತ್ತಿತು. ಮಗಳು ಬೆಂಚಿನ ಕೆಳಗೆ ಮೊಬೈಲು ಹಿಡಿದು ಕದ್ದು ನೋಡಿದಳು. ಊಟದ ಹೊತ್ತಿಗೆ ತೊಂಬತ್ತು, ಮೂರು ಗಂಟೆಗೆ ಇನ್ನೂರ ಹತ್ತು, ಐದಕ್ಕೆ ನಾನೂರು ದಾಟಿತ್ತು. ನಗು ತಡೆಯಲು ತುಟಿ ಕಚ್ಚಿಕೊಂಡಳು.

ಕೊನೆಗೆ ಅಪ್ಪ ತನ್ನ ಇಮೇಲನ್ನೂ ಕೊಟ್ಟ. “ಕಳ್ಳನ ಬಾಯಿಂದಲೇ ಕೇಳೋಣ.” ಪತ್ರ ಬಂತು. ಒಂದೊಂದು ಮಾತಿಗೂ “ನನ್ನದು... ಇದೂ ನನ್ನದೇ...” ಎಂದು ತೊಡೆ ತಟ್ಟುತ್ತ ಹೋದವನು ಹನ್ನೊಂದನೆಯದಕ್ಕೆ ಬಂದು ಎತ್ತಿದ ಕೈ ಹಾಗೇ ಇಳಿಸಿದ.

‘ಬೂಟಿನ ಹಿಮ್ಮಡಿ ಯಾವ ಕಡೆ ಸವೆದಿದೆಯೋ ಆ ಕಡೆ ಆ ಮನುಷ್ಯನಿಗೆ ನೋವಿದೆ. ಅವರಿಗೆ ಹೇಳಬೇಡ. ಒಳಗೊಂದು ತೆಳು ತೊಗಲು ಇಟ್ಟು ಹೊಲಿದುಬಿಡು.’

ಎರಡು ಸಲ ಓದಿದ. ಕನ್ನಡಕ ತೆಗೆದ.

“ಇದು ಗಿರಾಕಿಗೆ ಹೇಳೋ ಮಾತಲ್ಲ. ಯಾರಿಗೂ ಹೇಳಿಲ್ಲ. ನಿನಗೊಬ್ಬಳಿಗೇ ಹೇಳಿದ್ದು.”

ಮಗಳು ಸೂಜಿ ಕೆಳಗಿಟ್ಟಳು. ಬರೆಯುವ ಭರದಲ್ಲಿ ಎಂಥ ಎಡವಟ್ಟು! “ತಪ್ಪಾಯ್ತಪ್ಪಾ. ಆ ಕಳ್ಳಿ ನಾನೇ.”

“ಅದಲ್ಲ ಕಣೇ. ಕೆಲಸಕ್ಕೆ ಕೂತಾಗೆಲ್ಲ ಕಿವಿಗೆ ಅದೇನೋ ಸಿಗಿಸ್ಕೊಂಡು ಹಾಡು ಕೇಳ್ತಿರ್ತೀಯಲ್ಲ? ಗೋಡೆ ಹತ್ರ ಮಾತಾಡ್ತಿದ್ದೀನಿ ಅಂದ್ಕೊಂಡೇ ಇಷ್ಟು ವರ್ಷ ಹೇಳಿದೆ.”

“ಹಾಡು ಹಾಕ್ತಾನೇ ಇರ್ಲಿಲ್ಲಪ್ಪಾ. ಕೇಳಿಸ್ಕೋತಿದ್ದೀನಿ ಅಂತ ಗೊತ್ತಾದ ಕೂಡ್ಲೇ ನೀನು ಬಯ್ಯೋಕೆ ಶುರು ಮಾಡ್ತೀಯ. ಕೇಳ್ತಿಲ್ಲ ಅಂದ್ಕೊಂಡಾಗ ಹೇಳ್ಕೊಡ್ತೀಯ.”

ಅಪ್ಪನ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಜೋರಾಗಿ ಕೆಮ್ಮಿದ. ಮೆಷಿನ್ ಕೊಳ್ಳುವವರಿಗೆ ಫೋನು ಮಾಡಿ, “ಇಲ್ಲ ಸ್ವಾಮಿ, ಕೊಡೋಕಾಗಲ್ಲ. ನಾನೂರು ಜನ ಸಾಕ್ಷಿ ಇದ್ದಾರೆ” ಎಂದು, ಅವರು ಯಾವುದಕ್ಕೆ ಅಂತ ಕೇಳುವ ಮೊದಲೇ ಇಟ್ಟುಬಿಟ್ಟ. ತನ್ನ ಮಣೆಯನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡು ಕೂತ.

“ಹೂಂ, ಅದನ್ನ ಕಿವಿಗೆ ಸಿಗಿಸ್ಕೋ. ಹನ್ನೆರಡನೇದು ಹೇಳ್ತೀನಿ.”